ಅಣ್ಣನ ಅಳತೆಯ ಸೈಕಲ್ಲು

ಹಳದೀಪುರ,
ಗುರುವಾರ, ಮಧ್ಯಾಹ್ನದ ಗಂಜಿ ಆದ ಮೇಲೆ

ಹಟಕ್ಕೆಂದೇ ಹುಟ್ಟಿದ ಮೊಮ್ಮಗಳು ದಿವ್ಯಶ್ರೀಗೆ,

ನಿಂತುಕೊಂಡು ಓದುತ್ತಿದ್ದೀಯಲ್ಲ, ಮೊದಲು ಕೂತುಕೋ. ನಿನ್ನ ಸಂಗತಿ ನನಗೆ ಗೊತ್ತಿಲ್ಲವೇ? ಲಕೋಟೆ ಕೈಗೆ ಬಂದ ಕೂಡಲೇ ಬಾಗಿಲಿಗೆ ಒರಗಿ, ಒಂದೇ ಕಾಲಿನ ಮೇಲೆ ಭಾರ ಹಾಕಿ, ಗದ್ದೆಯ ಕೊಕ್ಕರೆಯ ಹಾಗೆ ನಿಂತು ಓದುವವಳು ನೀನು. ಊದಿದ ಮಂಡಿಯ ಮೇಲೆ ನಿಂತು ನನ್ನ ಕಾಗದ ಓದುವ ಅಗತ್ಯ ಇಲ್ಲ. ಕೂತೆಯಾ? ಕಾಲು ಚಾಚು. ಇನ್ನು ಇದನ್ನು ಒಡೆದದ್ದು ನೀನಲ್ಲದೆ ನಿನ್ನ ಜೊತೆ ಕೋಣೆಯಲ್ಲಿರುವ ಗಾಯತ್ರಿ ಆಗಿದ್ದರೆ, ತಂಗೀ ಗಾಯತ್ರಿ, ನಿನಗೂ ಇದರಲ್ಲಿ ಪಾಲಿದೆ. ಒಂದೇ ಸೂರಿನಡಿ ಮಲಗುವವಳು, ಅವಳು ಕುಂಟುವುದನ್ನು ಕಂಡೂ ಬಾಯಿಗೆ ಬೀಗ ಹಾಕಿಕೊಂಡು ಕೂತೆಯಲ್ಲ, ಬೀಗ ಯಾವ ಅಂಗಡಿಯದ್ದು ಹೇಳು, ನಮ್ಮ ಕೊಟ್ಟಿಗೆಗೂ ಒಂದು ಬೇಕಿತ್ತು. ಇದನ್ನು ಮಡಚಿ ಅವಳ ದಿಂಬಿನ ಮೇಲಿಟ್ಟು ನಿನ್ನ ಕೆಲಸ ನೋಡಿಕೋ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅಜ್ಜಿ ಎನ್ನುತ್ತೀಯ. ಹೇಳಲು ಹೋಗಿದ್ದೇನೆ. ನಾನು "ಸೈಕಲ್ಲು" ಎನ್ನುವುದರೊಳಗೆ ನಿನಗೆ ರೇಂಜು ಹೋಗುತ್ತದೆ. "ಊಟ ಆತಾ" ಎಂದರೆ ರೇಂಜು ಇರುತ್ತದೆ, "ಮಂಡಿ ಹೆಂಗಿದೆ" ಎಂದರೆ ಇರುವುದಿಲ್ಲ. ಅಂಥ ಟವರು ಭಟ್ಕಳದಲ್ಲಿ ಒಂದೇ ಇರಬೇಕು, ಅದೂ ನಿನ್ನ ಕಿಸೆಯಲ್ಲಿ. ಕಾಗದಕ್ಕಾದರೆ ರೇಂಜಿನ ಹಂಗಿಲ್ಲ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಸೊಟ್ಟ ಇದ್ದರೆ ನೀನು ಕಣ್ಣು ನೆಟ್ಟಗಿಟ್ಟುಕೊಂಡು ಓದು.

ಚೌತಿಗೆ ಬಂದವಳು ಬಸ್ಸಿನಿಂದ ಇಳಿಯುವಾಗಲೇ ನಾನು ಕಂಡಿದ್ದೆ. ಎಡಗಾಲು ಮೊದಲು ಇಟ್ಟು, ಹಿಂದಿನಿಂದ ಬಲಗಾಲನ್ನು ಎಳೆದುಕೊಂಡೆ. ನಿನ್ನ ಅಮ್ಮ ಭಾಗ್ಯಲಕ್ಷ್ಮಿ ಕೇಳಿದ್ದಕ್ಕೆ "ಬಚ್ಚಲಲ್ಲಿ ಜಾರಿದೆ ಅಮ್ಮಾ" ಎಂದೆ. ಅವಳು ಪಾಪ, ಹೇಳಿದ್ದನ್ನು ನಂಬುವ ಜಾತಿ. ಉಪ್ಪು ಬಿಸಿ ಮಾಡಿ ಗಂಟು ಕಟ್ಟಿ ಶಾಖ ಕೊಟ್ಟಳು. ಆದರೆ ನಿನ್ನ ಪ್ಯಾಂಟು ತೊಳೆಯುವ ಕಲ್ಲಿನ ಮೇಲೆ ಹಾಕಿದವಳು ನಾನು. ಮಂಡಿಯ ಹತ್ತಿರ ಬಟ್ಟೆ ಹರಿದಿತ್ತು, ಮಡಿಕೆಯ ಒಳಗೆಲ್ಲ ಚಿರೆಕಲ್ಲಿನ ಕೆಂಪು ಪುಡಿ. ಭಟ್ಕಳದಲ್ಲಿ ಈಗ ಸ್ನಾನಕ್ಕೆ ಗುಡ್ಡ ಹತ್ತಬೇಕೋ ಹೇಗೆ? ನಾನು ಯಾರಿಗೂ ಹೇಳಲಿಲ್ಲ. ತೊಳೆದೆ, ಹೊಲಿದೆ, ಮಡಚಿ ನಿನ್ನ ಚೀಲಕ್ಕೆ ಹಾಕಿದೆ. ಸುಳ್ಳು ಹೇಳುವವರು ತಮ್ಮ ಬಟ್ಟೆ ತಾವೇ ತೊಳೆದುಕೊಳ್ಳಬೇಕು ಮಗಾ. ಅಷ್ಟು ಬುದ್ಧಿಯೂ ಇಲ್ಲದೆ ಸುಳ್ಳಿಗೆ ಇಳಿಯಬಾರದು.

ಮರುವಾರ ಕುಮಟೆಯ ಸಂತೆಗೆ ಎಂದು ಹೇಳಿ ಬಸ್ಸು ಹತ್ತಿದೆ. ಇದೂ ಸುಳ್ಳೇ. ನಮ್ಮ ಮನೆತನದಲ್ಲಿ ಬೇರೆ ಎಂತ ಕಡಿಮೆ ಇದ್ದರೂ ಇದಕ್ಕೆ ಬರ ಬಂದಿಲ್ಲ. ನೇರ ಹೋದದ್ದು ಬಸ್ ಸ್ಟ್ಯಾಂಡಿನ ಹಿಂದಿರುವ ಉಮೇಶನ ಸೈಕಲ್ ರಿಪೇರಿ ಅಂಗಡಿಗೆ. ಒಳಗೆ ಹೆಜ್ಜೆ ಇಟ್ಟರೆ ಮಾಡಿನ ಕೊಕ್ಕೆಗೆ ಲೋಕೇಶನ ಸೈಕಲ್ಲು ಮೂತಿ ಕೆಳಗೆ ಮಾಡಿ ನೇತಾಡುತ್ತಿತ್ತು. ನಿನ್ನ ಅಣ್ಣ ಹೋಗಿ ವರ್ಷ ಕಳೆದಿದೆ, ವರ್ಷಾಂತಿಕದ ಊಟವನ್ನೂ ಊರಿಗೆ ಬಡಿಸಿದ್ದೇವೆ. ಆದರೂ ಆ ಹಸಿರು ಬಣ್ಣ ಕಂಡದ್ದೇ ನನ್ನ ಬಾಯಿಯಲ್ಲಿ "ಊಟಕ್ಕೆ ಬಾರೋ" ಎಂಬ ಮಾತು ಬಂದುಬಿಟ್ಟಿತ್ತು, ನುಂಗಿಕೊಂಡೆ. ಅಲ್ಲಿ ಅಳಲು ನಾನು ನಿನ್ನ ಅಮ್ಮನಲ್ಲ. ಅಲ್ಲಿದ್ದ ಸ್ಟೂಲು ಎಳೆದು ಕೂತು, "ಉಮೇಶ, ಖರೆ ಹೇಳು, ಇದು ಎಂತ ಆದದ್ದು" ಎಂದೆ.

ಅವನು ಮೊದಲು ಚಾ ಕುಡಿಯಿರಿ ಎಂದ. ಆಮೇಲೆ ಬಿಸಿಲು ಜಾಸ್ತಿ ಎಂದ. ನಾನು ಸ್ಟೂಲಿನಿಂದ ಏಳುವವಳಲ್ಲ ಎಂದು ಗೊತ್ತಾದ ಮೇಲೆ ಹೇಳಿದ. "ನಾ ಹೇಳಿದೆ ಅಂತ ಹೇಳುಕಾಗ ಅಜ್ಜಿ. ಹಿರೇಗುತ್ತಿ ಬದಿ ಗುಡ್ಡ ಇಳೂವಾಗ ಮುಂದಿನ ಚಕ್ರ ಕಲ್ಲಿಗೆ ಹೊಡ್ದು, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದಳೆ. ಹೆಲ್ಮೆಟ್ ಇತ್ತು, ಪುಣ್ಯ." ಎಂದವನೇ ಮೂಲೆಯಿಂದ ಆ ಹೆಲ್ಮೆಟ್ಟು ತೆಗೆದು ತೋರಿಸಿದ. ಒಡೆದ ತೆಂಗಿನಕಾಯಿಯ ಹಾಗೆ ಬಾಯಿ ಬಿಟ್ಟುಕೊಂಡಿತ್ತು. ಮಂಡಿ ಎಂದರೆ ಮಂಡಿ ಎಂದುಕೊಂಡು ಬಂದಿದ್ದೆ ನಾನು. ತಲೆಯ ವಿಷಯ ಎಂದು ಯಾರಿಗೆ ಗೊತ್ತು? ಅದನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟು ಹೊತ್ತು ಕೂತೆನೋ. ಚಾ ತಣ್ಣಗಾಯಿತು. ಉಮೇಶ ಇನ್ನೊಂದು ತರಿಸಿದ, ಅದೂ ತಣ್ಣಗಾಯಿತು.

ಬಿದ್ದದ್ದಕ್ಕೆ ಬೈಯುವುದಿಲ್ಲ. ಗುಡ್ಡದಲ್ಲಿ ತಿರುಗುವವರು ಬೀಳುತ್ತಾರೆ. ಲೋಕೇಶನೂ ಬಿದ್ದಿದ್ದಾನೆ, ಹಲ್ಲು ಮುರಿದುಕೊಂಡು ನಗುತ್ತಾ ಬಂದಿದ್ದಾನೆ. ಹೆಣ್ಣುಮಗಳು ಗುಡ್ಡದಲ್ಲಿ ಸೈಕಲ್ಲು ಹೊಡೆಯುವುದೇ ಎಂದು ಊರು ಬಾಯಿ ಬಿಟ್ಟಾಗ ನಾನು ಆ ಬಾಯಿಗೆ ಎಂತ ತುರುಕಿದ್ದೇನೆ ಎಂದು ನಿನಗೆ ಗೊತ್ತು. ನನಗೆ ಸಿಟ್ಟು ಬಂದದ್ದು ಯಾಕೆ ಬಿದ್ದೆ ಎಂದು ಉಮೇಶ ಹೇಳಿದಾಗ. "ಫ್ರೇಮು ಲೋಕೇಶಂದು, ಎಲ್ ಸೈಜು. ಅವಳಿಗೆ ಬೇಕಾದ್ದು ಎಸ್ಸು" ಎಂದ. ನಾನು ಬನಿಯನ್ನಿನ ವಿಷಯ ಕೇಳಲು ಬಂದದ್ದಲ್ಲ ಎಂದೆ. ಸೈಕಲ್ಲಿಗೂ ಬನಿಯನ್ನಿನ ಹಾಗೆಯೇ ಅಳತೆಯಂತೆ. ತೆಂಗಿನಮರದಂಥ ಅಣ್ಣನ ಅಳತೆಯ ಚೌಕಟ್ಟಿನ ಮೇಲೆ, ಒದ್ದೆ ಮಾಡಿ ತೂಗಿದರೂ ಐವತ್ತು ಕಿಲೋ ದಾಟದ ನೀನು, ಸೀಟಿನ ತುದಿಗೆ ಜಾರಿ, ಕೈ ಎರಡನ್ನೂ ಬಡಿಗೆಯ ಹಾಗೆ ಚಾಚಿ ಹ್ಯಾಂಡಲ್ ಹಿಡಿದು ಗುಡ್ಡ ಇಳಿಯುತ್ತೀಯಂತೆ. ಮೊಣಕೈ ಬಗ್ಗದಿದ್ದರೆ ಕಲ್ಲಿನ ಏಟು ನೇರ ಹೆಗಲಿಗೆ. ಕಾಲು ಊರಬೇಕೆಂದರೆ ಸೀಟಿಗೂ ಹ್ಯಾಂಡಲಿಗೂ ನಡುವಿನ ಬಾರು ಅಡ್ಡ.

ಇದನ್ನೆಲ್ಲ ನಿನಗೆ ಯಾರೂ ಹೇಳಿಕೊಡಬೇಕಿಲ್ಲ, ಅದೇ ನನ್ನ ಹೊಟ್ಟೆಯ ಉರಿ. ಒಂದು ಬೇಸಿಗೆಯಲ್ಲಿ ನಾನು ಭಟ್ಕಳಕ್ಕೆ ಬಂದು ನೀನು ಕೆಲಸ ಮಾಡುವ ಸೈಕಲ್ ಬಾಡಿಗೆ ಅಂಗಡಿಯಲ್ಲಿ ಇಡೀ ದಿನ ಕೂತಿದ್ದೆನಲ್ಲ, ನೆನಪಿದೆಯೇ? ಪ್ರವಾಸಕ್ಕೆ ಬಂದವರು ಒಬ್ಬೊಬ್ಬರನ್ನೂ ಸೈಕಲ್ಲಿನ ಬಾರಿನ ಮೇಲೆ ಅಡ್ಡಗಾಲು ಹಾಕಿ ನಿಲ್ಲಿಸಿ, ಬಾರಿಗೂ ತೊಡೆಯ ಸಂದಿಗೂ ನಡುವೆ ಜಾಗ ಉಂಟೋ ಎಂದು ನೋಡುತ್ತಿದ್ದೆ. ಆಮೇಲೆ ಕೂರಿಸಿ, "ಮೊಣಕೈ ಬಗ್ಗಬೇಕು ಸರ್, ಹ್ಯಾಂಡಲ್‌ಗೆ ನೇತಾಡ್ಬಾರ್ದು" ಎನ್ನುತ್ತಿದ್ದೆ. ಒಬ್ಬ ದೀಪಸ್ತಂಭದಂಥ ಮನುಷ್ಯ ಬಂದ. ಇರುವುದರಲ್ಲಿ ಯಾವುದಾದರೂ ಕೊಡಿ, ನಾನು ಹೇಗಾದರೂ ಹೊಡೆಯುತ್ತೇನೆ ಎಂದು ಗೋಗರೆದ. ನೀನು ಕೊಡಲೇ ಇಲ್ಲ. "ನಿಮ್ಮ ಅಳತೆದು ನಮ್ಮಲ್ಲಿಲ್ಲ ಸರ್, ಬೀಳ್ತೀರಿ" ಎಂದು ಬಂದ ಗಿರಾಕಿಯನ್ನು ವಾಪಸು ಕಳಿಸಿದೆ. ಮಾಲಕರು ಗುರುಗುಟ್ಟಿದರು. ನಾನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನನ್ನ ಎದೆ ಒಂದು ಗೇಣು ಅಗಲವಾಗಿತ್ತು. ಸಂಜೆ ಬಸ್ಸಿಗೆ ಕಾಯುವಾಗ ನನಗೆ ಹೇಳಿದೆ: "ಫ್ರೇಮು ಸರಿ ಇಲ್ದೆ ಬೇರೆ ಎಂತ ಹಾಕಿದ್ರೂ ದಂಡ ಅಜ್ಜಿ." ನಿನ್ನ ಮಾತೇ ತಾನೇ? ಊರವರಿಗೆಲ್ಲ ಅಳತೆ ನೋಡಿ ಕೊಡುವವಳಿಗೆ ತನ್ನ ಮೈಯ ಅಳತೆ ಮರೆತುಹೋಯಿತೇ?

ಮರೆತಿಲ್ಲ. ಮರೆತವರು ಇಷ್ಟು ಉಪಾಯ ಮಾಡುವುದಿಲ್ಲ. ಸೀಟನ್ನು ಹಳಿಯ ಮೇಲೆ ತುದಿಯವರೆಗೂ ಮುಂದಕ್ಕೆ ದೂಡಿಸಿದ್ದೀಯಂತೆ. ಹ್ಯಾಂಡಲ್ ಹತ್ತಿರ ಬರಲಿ ಎಂದು ಅದರ ಕುತ್ತಿಗೆಯ ತುಂಡನ್ನು ಬದಲಿಸಿ ಗಿಡ್ಡದ್ದು ಹಾಕಿಸಿದ್ದೀಯಂತೆ. ಅದೂ ಸಾಲದೆ ಇನ್ನೂ ಗಿಡ್ಡದ್ದು. ಈಗ ಹೊಸ ಸಸ್ಪೆನ್ಷನ್ ಬೇಕಂತೆ. ಉಮೇಶ ಅದನ್ನು ಶಾಕಪ್ ಎನ್ನುತ್ತಾನೆ. ನನ್ನ ಕಣ್ಣಿಗೆ ಅದು ಸೈಕಲ್ಲಿನ ಮುಂಗಾಲು. ಇರುವುದಕ್ಕಿಂತ ಉದ್ದದ್ದು, ಹೆಚ್ಚು ಕುಸಿಯುವಂಥದ್ದು, ಮುಂದಿನ ತಿಂಗಳು ತರಿಸಿ ಹಾಕು ಎಂದು ಹೇಳಿ ಹೋಗಿದ್ದೀಯಂತೆ. "ಮೊದಲೇ ಎತ್ತರದ ಸೈಕಲ್ಲು ಅಜ್ಜಿ. ಮುಂದೆ ಉದ್ದದ ಶಾಕಪ್ ಹಾಕಿದ್ರೆ ಮೂತಿ ಇನ್ನೂ ಮೇಲೆ ಏಳ್ತದೆ. ಅವಳಿಗೆ ಗೊತ್ತಿಲ್ದೆ ಎಂತ, ನಂಗೆ ಕಲಿಸಿದ್ದೇ ಅವಳು" ಎಂದ ಉಮೇಶ. ಅಂಗಿ ದೊಡ್ಡದಾಯಿತು ಎಂದು ಗುಂಡಿ ಬದಲಿಸುತ್ತಾರೆಯೇ? ಬದಲಿಸಿದರೂ ಒಂದು ಸಲ, ಎರಡು ಸಲ. ನೀನು ಗುಂಡಿಯ ಅಂಗಡಿಯನ್ನೇ ಹಾಕಲು ಹೊರಟಿದ್ದೀಯ.

ನಾನು ನನಗೆ ತಿಳಿದಷ್ಟು ಉಪಾಯ ಹೇಳಿದೆ. ಫ್ರೇಮಿನ ಪೈಪುಗಳನ್ನು ಅಷ್ಟಷ್ಟು ಕತ್ತರಿಸಿ ಬೆಸುಗೆ ಹಾಕಿ ಗಿಡ್ಡ ಮಾಡು ಎಂದೆ. ಉಮೇಶ ಅಂಗಡಿ ಹಾರಿಹೋಗುವಂತೆ ನಕ್ಕ. "ಇದು ಎಂತ ಕೊಟ್ಟಿಗೆ ಗೇಟಾ ಅಜ್ಜಿ?" ಎಂದ. ನಕ್ಕರೆ ನಗಲಿ. ನನಗೆ ಅದು ಸುಮ್ಮನೆ ಹೊಳೆದದ್ದಲ್ಲ, ಕಂಡು ಗೊತ್ತಿದ್ದ ಕೆಲಸ.

ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷ, ಗದ್ದೆಯ ನೆಟ್ಟಿ ಸುರುವಾಗುವ ಹೊತ್ತಿಗೆ, ನನ್ನ ಅತ್ತೆ ದುರ್ಗಿ ತೀರಿಕೊಂಡಳು. ಲೋಕೇಶನಿಗೆ ಆ ಉದ್ದ ಬಂದದ್ದು ಅವಳಿಂದಲೇ. ಅವಳದ್ದೊಂದು ಗೊರಬು ಇತ್ತು. ನೀವು ಈಗ ಪ್ಲಾಸ್ಟಿಕ್ ಕೊಪ್ಪೆ ಹಾಕುವವರು, ಗೊರಬು ಕಂಡದ್ದು ಫೋಟೋದಲ್ಲಿ. ಬಿದಿರ ಕಡ್ಡಿಯ ಚೌಕಟ್ಟು, ಒಳಗೆ ಒತ್ತೊತ್ತಾಗಿ ಎಲೆ. ಬಗ್ಗಿ ಸಸಿ ನೆಡುವಾಗ ತಲೆಯಿಂದ ಸೊಂಟದ ಕೆಳಗಿನವರೆಗೆ ಆಮೆಯ ಚಿಪ್ಪಿನ ಹಾಗೆ ಬೆನ್ನಿಗೆ ಕವುಚಿಕೊಳ್ಳುವುದು. ಅತ್ತೆಯ ಗೊರಬನ್ನು ಗೋಡೆಗೆ ತೂಗುಹಾಕಿದ್ದರು, ನಾನು ಅದನ್ನೇ ಹಾಕಿಕೊಂಡು ಗದ್ದೆಗೆ ಇಳಿದೆ. ಅವಳು ನನ್ನನ್ನು ಮಗಳ ಹಾಗೆ ನೋಡಿದ್ದಳು, ಅದು ಗೋಡೆಯಲ್ಲಿ ಖಾಲಿ ನೇತಾಡುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ನಾನು ಅವಳ ಹೆಗಲಿಗೆ ಬರುವವಳು. ಬಗ್ಗಿದರೆ ಗೊರಬಿನ ಮೇಲಿನ ಅಂಚು ಕಣ್ಣಿಗೆ, ಕೆಳಗಿನ ಅಂಚು ಹಿಮ್ಮಡಿಗೆ. ಹೆಂಗಸರು ನಗುತ್ತಿದ್ದರು, "ಗಣಪಿ ಎಲ್ಲಿ? ಗೊರಬೊಂದೇ ನೆಟ್ಟಿ ಮಾಡ್ತಾ ಅದೆ" ಎನ್ನುತ್ತಿದ್ದರು. ಎಲೆ ಹೊಸತು ಹಾಕಿದರೆ ಹಗುರಾಗುತ್ತದೆ ಎಂದು ಹಳೆ ಎಲೆ ಕಿತ್ತು ಹೊಸದು ತುಂಬಿದೆ. ದಾರ ಬಿಗಿದೆ. ಕುತ್ತಿಗೆಗೆ ಬಟ್ಟೆ ಸುತ್ತಿದೆ. ನೀನು ಈಗ ಮಾಡುತ್ತಿರುವುದೆಲ್ಲ ನಾನು ಬಿದಿರಿನಲ್ಲಿ ಮಾಡಿದ್ದೇ.

ಒಂದು ಸಂಜೆ ಕುತ್ತಿಗೆ ತಿರುಗಿಸಲಾಗದೆ ಗೋಡೆಗೆ ಒರಗಿ ಕೂತಿದ್ದೆ. ನಿನ್ನ ಅಜ್ಜ ಬೀರಪ್ಪ ಮಾತೇ ಆಡದೆ ಗೊರಬು ತೆಗೆದುಕೊಂಡು ಹೋಗಿ ಕಟ್ಟು ಬಿಚ್ಚತೊಡಗಿದರು. ನಾನು ಕೂಗಿದೆ, ಅದು ಅತ್ತೆದು, ಮುಟ್ಟಬೇಡಿ ಎಂದೆ. ಅವರು ಕತ್ತಿ ಕೆಳಗಿಡಲೂ ಇಲ್ಲ. "ಅವ್ವಿ ಅದ್ರ ಒಳ್ಗೆ ಇನ್ನೂ ಅದಾಳೆ ಅಂದ್ಕಂಡಿದ್ಯನೆ? ಇಲ್ಲ. ಈಗ ಒಳ್ಗೆ ಇರೂದು ನೀನು. ನಿಂಗೆ ಸರಿ ಆಗ್ಬೇಕು" ಎಂದರು. ತಾಯಿಯನ್ನು ಕಳೆದುಕೊಂಡವರು ಅವರು, ನಾನಲ್ಲ. ಅದೇ ಕಡ್ಡಿಗಳನ್ನು ಒಂದೊಂದಾಗಿ ಗಿಡ್ಡ ಮಾಡಿ, ನನ್ನ ಬೆನ್ನಿಗೆ ಹಿಡಿದು ಹಿಡಿದು ನೋಡಿ, ಹೊಸದಾಗಿ ನೇಯ್ದು ಕೊಟ್ಟರು. ಆಮೇಲೆ ಎಷ್ಟೋ ಮಳೆಗಾಲ ಅದರಡಿಯಲ್ಲಿ ನಾನು ನೆಟ್ಟಿ ಮಾಡಿದೆ. ಸತ್ತವರ ವಸ್ತು ಮೈಗೆ ಸರಿಯಾಗುವವರಿಗೆ ಹೋಗಬೇಕು, ಸಡಿಲಾದವರಿಗೆ ಹೋದರೆ ಕೊಟ್ಟವರಿಗೂ ಸುಖ ಇಲ್ಲ, ಹಾಕಿಕೊಂಡವರಿಗೂ ಸುಖ ಇಲ್ಲ ಎಂದು ಈ ಮನೆಯಲ್ಲಿ ಮಾತು ಬಂದದ್ದು ಅಲ್ಲಿಂದ. ಲೋಕೇಶನ ಅಂಗಿಗಳನ್ನು ಕೊಡುವಾಗ ನಿನ್ನ ಅಪ್ಪ ಪ್ರಕಾಶ ಮುಟ್ಟಳ್ಳಿಯವರೆಗೂ ಹೋಗಿ ಅವನಷ್ಟೇ ಉದ್ದದ ಹುಡುಗನೊಬ್ಬನನ್ನು ಹುಡುಕಿ ಕೊಟ್ಟು ಬಂದದ್ದು ಸುಮ್ಮನೆ ಅಲ್ಲ.

ಬಿದಿರನ್ನು ಗಿಡ್ಡ ಮಾಡಬಹುದು, ನಿಮ್ಮ ಅಲ್ಯುಮಿನಿಯಮ್ಮನ್ನು ಆಗುವುದಿಲ್ಲವಂತೆ. ಆತು, ಬಿಟ್ಟೆ. ಹಾಗಾದರೆ ಹೆಗಲಿಗೆ ಬೀಳುವ ಆ ಏಟಿಗಾದರೂ ಎಂತ ಮದ್ದು ಎಂದು ಕೇಳಿದೆ. ಉಮೇಶ ಸೈಕಲ್ಲನ್ನು ಇಳಿಸಿ ಮುಂಗಾಲು ತೋರಿಸಿದ. ಅದರ ಒಳಗೆ ಗಾಳಿ ಇರುತ್ತದಂತೆ, ಕೂರುವವರ ತೂಕ ನೋಡಿ ತುಂಬಬೇಕಂತೆ. ಕೂತ ಕೂಡಲೇ ಅದು ಕಾಲು ಭಾಗದಷ್ಟು ಕುಸಿಯಬೇಕು, ಆಗಲೇ ಕಲ್ಲಿನ ಏಟನ್ನು ಅದು ನುಂಗುವುದು. ಆ ಮುಂಗಾಲಿಗೆ ಒಂದು ರಬ್ಬರಿನ ಉಂಗುರ ಇದೆಯಲ್ಲ, ಅದು ಎಷ್ಟು ಸರಿಯಿತು ಎಂದು ನೋಡಿದರೆ ಸಾಕಂತೆ. ನೀನು ಕೂತರೆ ಆ ಉಂಗುರಕ್ಕೆ ಯಾರು ಕೂತರು ಎಂಬುದೂ ತಿಳಿಯುವುದಿಲ್ಲ. ಅಲ್ಲಿ ಇರುವುದು ಲೋಕೇಶನ ತೂಕದ ಗಾಳಿ. "ಹೊಸ ಶಾಕಪ್ ಎಂತಕ್ಕೆ ಬೇಕು ಅಜ್ಜಿ? ಇದೇ ಒಳ್ಳೇದು. ಸ್ವಲ್ಪ ಗಾಳಿ ತೆಗೆದ್ರೆ ಆತು, ಚಾ ಕುಡಿಯೂ ಹೊತ್ತಿನ ಕೆಲ್ಸ" ಎಂದ ಉಮೇಶ. ಮತ್ತೆ ತೆಗೆಯಲು ಎಂತ ದಾಡಿ ನಿನಗೆ ಎಂದೆ. ಅವನು ತಲೆ ಕೆರೆದುಕೊಂಡ. "ಅದೇ ನಂಗೂ ತಿಳೂದಿಲ್ಲ. ಗಾಳಿ ಮುಚ್ಚಳಕ್ಕೆ ಬೆರಳು ಹಾಕಿದ್ದೇ, ನನ್ನ ಕೈಗೆ ಒಂದು ಕೊಟ್ಲು. ಹೊಸದು ಬಂದ ಮೇಲೆ ಇದ್ನ ಬಿಚ್ಚಿ ಹಂಗೇ ಕೊಡು, ಗಾಳಿ ಮಾತ್ರ ತೆಗೀಬೇಡ ಅಂದ್ಲು."

ನಾನು ಎದ್ದು ಬಸ್ಸಿಗೆ ಬಂದೆ. ಹಂದಿಗೋಣ ದಾಟುವಾಗ ಕಂಡಕ್ಟರ್ ಎಲ್ಲಿಗೆ ಎಂದು ಎರಡು ಸಲ ಕೇಳಬೇಕಾಯಿತು. ಆ ಭಾನುವಾರ ನೆನಪಾಗಿತ್ತು.

ನಾನು ಜಗಲಿಯಲ್ಲಿ ಬಸಳೆ ಸೋಸುತ್ತಿದ್ದೆ. ಲೋಕೇಶ ಅಂಗಳದಲ್ಲಿ ಸೈಕಲ್ಲಿನ ಮೇಲೆ ಕೂತಿದ್ದ. ನೀನು ಅವನ ಮುಂದೆ ನಿಂತು ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ, ಸೈಕಲ್ಲು ವಾಲಬಾರದೆಂದು. ಅವನು ಇಳಿದು ಆ ಸಣ್ಣ ಪಂಪಿನಲ್ಲಿ ಗಾಳಿ ಹೊಡೆಯುವುದು, ಮತ್ತೆ ಹತ್ತಿ ಕೂರುವುದು, ನೀನು ಉಂಗುರ ನೋಡಿ "ಇನ್ನೂ ಸ್ವಲ್ಪ" ಎನ್ನುವುದು. ನಾನು ಊಟಕ್ಕೆ ಕರೆದು ಕರೆದು ಸೋತೆ. "ತಡಿ ಅಜ್ಜಿ, ಎಮ್ಮೆ ತೂಕ ನಂದು, ಗಾಳಿ ಹೆಚ್ಚು ಕುಡೀತದೆ" ಎಂದ. ನೀನು ನಕ್ಕು ನಕ್ಕು ಹ್ಯಾಂಡಲ್ ಬಿಟ್ಟೆ, ಅವನು ಸೈಕಲ್ಲಿನ ಜೊತೆ ನನ್ನ ಬಸಳೆ ಚಪ್ಪರಕ್ಕೇ ಬಿದ್ದ. ಅದರ ಮಾರನೆಯ ದಿನ ಗದ್ದೆಗೆ ಇಳಿದ. ವಾರದಲ್ಲಿ ಜ್ವರ. ಇಲಿಜ್ವರ ಎಂದು ಗೊತ್ತಾಗುವ ಹೊತ್ತಿಗೆ ಕಣ್ಣು ಅರಶಿನವಾಗಿತ್ತು. ಆ ಸೈಕಲ್ಲನ್ನು ಅವನು ಮತ್ತೆ ಹತ್ತಲಿಲ್ಲ.

ಅವನ ಉಸಿರು ಆಸ್ಪತ್ರೆಯಲ್ಲಿ ನಿಂತಿತು, ಅವನು ಹೊಡೆದ ಗಾಳಿ ಮಾತ್ರ ಆ ಮುಂಗಾಲಿನ ಒಳಗೆ ಉಳಿದಿದೆ. ಇದೇ ಅಲ್ಲವೇ ನಿನ್ನ ಲೆಕ್ಕ? ಅಯ್ಯೋ ನನ್ನ ಮಗಳೇ. ಅಯ್ಯೋ ನನ್ನ ಕತ್ತೆಯೇ. ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇ?

ಯಾರಿಗೆ ಹೇಳುತ್ತೀಯ, ಅದೂ ಹೌದು. ಈ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಸೈಕಲ್ಲು ಕೊಳ್ಳುವ ಮೊದಲು ಅವನ ಕಾಲಿನ ಅಳತೆ ತೆಗೆಯಲು ಅವನನ್ನು ನಡುಮನೆಯ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ನನ್ನ ರೊಟ್ಟಿ ಮಣೆಯನ್ನು ತೊಡೆಯ ಸಂದಿಗೆ ಸಿಕ್ಕಿಸಿ, ನೀನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆಯಲ್ಲ. ಆ ಮಣೆಯನ್ನು ನಾನು ಎಷ್ಟು ಸಲ ತೊಳೆದೆ ಎಂದು ಈಗ ಹೇಳುವುದಿಲ್ಲ. ಚೌತಿಗೆ ಮೊದಲು ಗೋಡೆಗೆ ಸುಣ್ಣ ಆಯಿತು. ನಿನ್ನ ಅಮ್ಮ ಸುಣ್ಣದವನ ಹಿಂದೆಯೇ ನಿಂತಳು, ಆ ಗೆರೆಯ ಸುತ್ತ ಒಂದು ಅಂಗೈಯಷ್ಟು ಜಾಗ ಬಿಡಿಸಿದಳು. ಈಗ ಇಡೀ ಗೋಡೆ ಬೆಳ್ಳಗೆ, ನಡುವೆ ಒಂದು ಕೊಳಕು ಚೌಕ. ಬಂದವರು ಕೇಳಿದರೆ ಸುಣ್ಣ ಮುಗಿಯಿತು ಎನ್ನುತ್ತಾಳೆ. ನಿನ್ನ ಅಪ್ಪ ಆ ಗೋಡೆಗೆ ಬೆನ್ನು ಹಾಕಿ ಉಣ್ಣುತ್ತಾನೆ. ಒಬ್ಬಳು ಗೆರೆ ಕಾಯುತ್ತಾಳೆ, ಒಬ್ಬ ಬೆನ್ನು ಹಾಕುತ್ತಾನೆ, ಇನ್ನೊಬ್ಬಳು ಗಾಳಿ ಕಾಯಲು ಹೋಗಿ ತಲೆ ಒಡೆದುಕೊಳ್ಳುತ್ತಾಳೆ. ನಡುವೆ ನಾನೊಬ್ಬಳು ಬೈದುಕೊಂಡು ತಿರುಗುತ್ತೇನೆ, ಯಾಕೆಂದರೆ ಬೈಗುಳ ನಿಂತರೆ ಈ ಮನೆಯಲ್ಲಿ ಸದ್ದೇ ಇರುವುದಿಲ್ಲ.

ಕೇಳು ಈಗ. ಈ ಅಂಗಳದಿಂದ ಇನ್ನೊಬ್ಬರನ್ನು ಕಳಿಸಲು ನನ್ನಿಂದ ಆಗುವುದಿಲ್ಲ. ಆ ಹೆಲ್ಮೆಟ್ಟನ್ನು ಸಂತೆಯ ಚೀಲದಲ್ಲಿ ಹಾಕಿಕೊಂಡು ಬಂದು ನನ್ನ ಟ್ರಂಕಿನಲ್ಲಿ ಇಟ್ಟಿದ್ದೇನೆ, ನಿನ್ನ ಅಪ್ಪ ಅಮ್ಮನಿಗೆ ತೋರಿಸಿಲ್ಲ. ತೋರಿಸುವ ಹಾಗೆ ಮಾಡಬೇಡ. ಮತ್ತೊಂದು ವಿಷಯ, ಸಿಟ್ಟು ಬಂದರೆ ಬರಲಿ: ನೀನು ಹೇಳಿದ ಆ ಹೊಸ ಉದ್ದದ ಶಾಕಪ್ಪನ್ನು ತರಿಸಬೇಡ ಎಂದು ಉಮೇಶನಿಗೆ ಹೇಳಿ ಬಂದಿದ್ದೇನೆ. "ಅವಳು ನನ್ನ ಕೊಲ್ತಾಳೆ ಅಜ್ಜಿ" ಎಂದ. ನಾನು ಅದಕ್ಕೂ ಮೊದಲು ಕೊಲ್ಲುತ್ತೇನೆ ಎಂದೆ. ಈ ತಿಂಗಳ ಕೊನೆಯವರೆಗೆ ಕಾಯುತ್ತಾನಂತೆ. ಅಷ್ಟರಲ್ಲಿ ನಿನ್ನ ಮಾತು ಬರದಿದ್ದರೆ ನೀನು ಹೇಳಿದ್ದನ್ನೇ ತರಿಸಿ ಹಾಕುತ್ತಾನಂತೆ, ಗಿರಾಕಿ ನೀನು, ನಾನಲ್ಲ ಎಂದ. ನ್ಯಾಯವೇ.

ಆದರೆ ಅವನು ಇನ್ನೊಂದು ದಾರಿಯನ್ನೂ ಹೇಳಿದ. ಎಸ್ ಅಳತೆಯ ಖಾಲಿ ಫ್ರೇಮೊಂದನ್ನು ಮಂಗಳೂರಿನಿಂದ ತರಿಸಬಹುದಂತೆ. ಚಕ್ರದ ಅಳತೆ ಅದೇ, ಕುತ್ತಿಗೆಯ ತೂತು ಅದೇ ಇರುವುದನ್ನು ನೋಡಿ ತಂದರೆ ಲೋಕೇಶನ ಸೈಕಲ್ಲಿನ ಚಕ್ರ, ಬ್ರೇಕು, ಹ್ಯಾಂಡಲ್ಲು, ಆ ಮುಂಗಾಲು ಎಲ್ಲವೂ ಅದಕ್ಕೆ ಕೂರುತ್ತದಂತೆ. ಮುಂಗಾಲಿನ ಮೇಲಿನ ಕೊಳವೆ ಉದ್ದ ಉಳಿದರೆ ನಡುವೆ ಬಳೆ ತೊಡಿಸುತ್ತಾರಂತೆ, ಬಳೆ ಎಂದ ಮೇಲೆ ನಾನೂ ಒಪ್ಪಿದೆ. ಅಂದರೆ ಅಣ್ಣನ ವಸ್ತುವೆಲ್ಲ ನಿನ್ನ ಜೊತೆಯೇ ಗುಡ್ಡ ಹತ್ತುತ್ತದೆ, ಚೌಕಟ್ಟು ಮಾತ್ರ ನಿನ್ನದು. ಅಜ್ಜ ನನಗೆ ಗೊರಬು ನೇಯ್ದು ಕೊಟ್ಟದ್ದು ಹೀಗೆಯೇ. ಇನ್ನು ಆ ದೊಡ್ಡ ಹಸಿರು ಫ್ರೇಮು. ಅದನ್ನು ಗೋಡೆಗೆ ತೂಗುಹಾಕಿ ಧೂಪ ಹಾಕುವುದು ಬೇಡ. ನಿನ್ನ ಅಂಗಡಿಯಿಂದ ವಾಪಸು ಹೋದ ಆ ದೀಪಸ್ತಂಭದಂಥ ಮನುಷ್ಯ ಇದ್ದನಲ್ಲ, ಅಂಥವರು ಇನ್ನೂ ಬರುತ್ತಾರೆ. ಅಂಗಡಿಯಲ್ಲಿ ಬಿದ್ದಿರುವ ಹಳೆ ಸಾಮಾನು ಸೇರಿಸಿ ಅದನ್ನು ಕಟ್ಟಿ ನಿಲ್ಲಿಸು. ಲೋಕೇಶನ ಉದ್ದದವರು ಅದರ ಮೇಲೆ ಕೂತು ಊರು ನೋಡಲಿ. ಮೊಣಕೈ ಬಗ್ಗುತ್ತದೋ ಎಂದು ನೋಡಿ ಕೊಡಲು ನೀನು ಇದ್ದೀಯಲ್ಲ. ಇದು ನನ್ನ ಯೋಚನೆ. ಬೇಡ ಎಂದರೆ ಬೇರೆ ಹೇಳು, ಆದರೆ ಹೇಳು.

ಗಾಳಿಯ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ, ಬರೆಯಲು ಕೈ ಬರುತ್ತಿರಲಿಲ್ಲ. ಹೊರಡುವ ಮೊದಲು ಉಮೇಶನನ್ನು ಕೇಳಿದ್ದೆ, ಒಮ್ಮೆ ತುಂಬಿದ ಗಾಳಿ ಎಷ್ಟು ಕಾಲ ಇರುತ್ತದೆ ಎಂದು. "ಯಾವುದ್ರಲ್ಲೂ ಪೂರಾ ನಿಲ್ಲೂದಿಲ್ಲ ಅಜ್ಜಿ. ಗೊತ್ತಾಗ್ದ ಹಂಗೆ ಸ್ವಲ್ಪ ಸ್ವಲ್ಪ ಹೋಗ್ತಾನೇ ಇರ್ತದೆ. ಇದ್ರಲ್ಲೂ ಸುಮಾರು ಹೋಗ್ಯದೆ" ಎಂದ. ಆಗ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ನಿನಗೆ ಹೇಳುತ್ತಿದ್ದೇನೆ. ನೀನು ಕಾಯುತ್ತಿರುವುದು ನಿನ್ನ ಕೈಯಡಿಯಲ್ಲೇ ಕಡಿಮೆಯಾಗುತ್ತಾ ಬಂದಿದೆ ಮಗಾ. ಹಿರೇಗುತ್ತಿಯ ಗುಡ್ಡದಲ್ಲಿ ಒಂದಷ್ಟು, ಭಟ್ಕಳದ ದಾರಿಯಲ್ಲಿ ಒಂದಷ್ಟು, ಉಮೇಶನ ಕೊಕ್ಕೆಯಲ್ಲಿ ಒಂದಷ್ಟು. ಯಾರೂ ನೋಡದೆ, ಯಾರೂ ಕೇಳದೆ ಹೋಗುತ್ತಿದೆ. ಹಾಗೆ ಹೋಗಗೊಡಬೇಡ.

ಉಮೇಶ ಆ ಸೈಕಲ್ಲನ್ನು ತನ್ನ ಓಮ್ನಿಯಲ್ಲಿ ಹಾಕಿಕೊಂಡು ಹಳದೀಪುರಕ್ಕೆ ತಂದುಕೊಡುತ್ತಾನೆ. ನೀನು ರಜೆ ಕೇಳಿಕೊಂಡು ಬಾ. ಅದೇ ಅಂಗಳದಲ್ಲಿ, ಬಸಳೆ ಚಪ್ಪರದ ಬದಿಯಲ್ಲಿ, ಆ ಮುಚ್ಚಳ ನೀನೇ ತೆಗೆ. ನಿನ್ನ ಅಪ್ಪ ಅಮ್ಮನನ್ನು ನಾನು ಹೊರಗೆ ಕರೆದು ನಿಲ್ಲಿಸುತ್ತೇನೆ, ಬೆನ್ನು ಹಾಕುವವರಿಗೆ ಅಂದು ಊಟ ಇಲ್ಲ. ಅವನು ತುಂಬಿದ್ದು ಅವನ ಅಂಗಳದಲ್ಲೇ, ನಾವೆಲ್ಲ ನೋಡುತ್ತಿರುವಾಗ, ಸದ್ದು ಮಾಡಿಕೊಂಡು ಹೋಗಲಿ. ಆಮೇಲೆ ನಿನ್ನ ತೂಕಕ್ಕೆ ಎಷ್ಟು ಬೇಕೋ ಅಷ್ಟು ನೀನೇ ಹೊಡೆ. ನೀನು ಹತ್ತಿ ಕೂರು, ನಾನು ಮುಂದೆ ನಿಂತು ಹ್ಯಾಂಡಲ್ ಹಿಡಿಯುತ್ತೇನೆ. ಉಂಗುರ ಸರಿಯಿತೋ ಇಲ್ಲವೋ ನನ್ನ ಕಣ್ಣಿಗೆ ಕಾಣಲಿಕ್ಕಿಲ್ಲ, ಅದನ್ನು ನಿನ್ನ ಅಮ್ಮ ನೋಡಲಿ. ನಾನು ನಕ್ಕು ಕೈ ಬಿಡುವವಳಲ್ಲ, ಹೆದರಬೇಡ. ರೊಟ್ಟಿ ಮಣೆಯನ್ನೂ ತೆಗೆದಿಟ್ಟಿದ್ದೇನೆ. ಗೋಡೆಯ ಆ ಕೊಳಕು ಚೌಕದಲ್ಲಿ ಅವನ ಗೆರೆಯ ಕೆಳಗೆ ನಿನ್ನದೊಂದು ಗೆರೆ ಎಳೆಯುವಷ್ಟು ಜಾಗ ಇದೆ.

ನಿನ್ನ ಮಂಡಿಗೆ, ಮೊಣಕೈಗೆ, ನೆತ್ತಿಗೆ ಕುಲದ ದೇವರು ಕಾವಲಿರಲಿ. ನಿನ್ನ ಹಟ ಮಾತ್ರ ಸ್ವಲ್ಪ ಸವೆಯಲಿ, ಪೂರಾ ಬೇಡ, ಗುಡ್ಡ ಹತ್ತಲು ಬೇಕಾಗುತ್ತದೆ. ಬೇಯಿಸಿದ ಹಲಸಿನ ಬೀಜ ಕಟ್ಟಿ ಕಳಿಸೋಣ ಎಂದಿದ್ದೆ, ಕಳಿಸುವುದಿಲ್ಲ. ಬಂದು ತಿನ್ನು.

ನಿನ್ನನ್ನು ಬೈಯಲೆಂದೇ ಇನ್ನೂ ಗಟ್ಟಿ ಇರುವ
ಅಜ್ಜಿ ಗಣಪಿ

ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು. ಫೋನು ಬೇಡ, ಅದಕ್ಕೆ ರೇಂಜು ಹೋಗುತ್ತದೆ. ಕಾಗದವೇ ಬರೆ, ಕೂತು ಬರೆ.